ಬೇಲಿ ಬೇರೆ, ತೋಟ ಬೇರೆ: ನಾಲ್ಕು-ಐದನೇ ತರಗತಿಗೆ ಗುಣಾಕಾರ, ಸುತ್ತಳತೆ, ವಿಸ್ತೀರ್ಣ

ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೊಂದು ಎಡವಟ್ಟು ಮಾಡಿಕೊಂಡೆ. ಒಂದೇ ಪೀರಿಯಡ್‌ನಲ್ಲಿ ಬೋರ್ಡಿನ ಎಡಕ್ಕೆ ಸುತ್ತಳತೆಯ ಸೂತ್ರ, ಬಲಕ್ಕೆ ವಿಸ್ತೀರ್ಣದ ಸೂತ್ರ ಬರೆದು ಬಾಯಿಪಾಠ ಮಾಡಿಸಿದೆ. ಮಕ್ಕಳು ಒಕ್ಕೊರಲಲ್ಲಿ ಚೆಂದ ಹೇಳಿದರು. ಪರೀಕ್ಷೆಯಲ್ಲಿ "ತೋಟಕ್ಕೆ ಬೇಲಿ ಹಾಕಲು ಎಷ್ಟು ತಂತಿ ಬೇಕು" ಅಂತ ಕೇಳಿದರೆ ಅರ್ಧಕ್ಕರ್ಧ ಮಂದಿ ಉದ್ದ ಅಗಲ ಗುಣಿಸಿ ಕೂತಿದ್ದರು. ಎಲ್ಲ ತೋಟದ ಮನೆಯ ಮಕ್ಕಳು. ದನ ನುಗ್ಗದ ಹಾಗೆ ಅಪ್ಪ ಬೇಲಿ ಕಟ್ಟುವುದನ್ನು ನೋಡಿಕೊಂಡೇ ಬೆಳೆದವರು. ಬೇಲಿ ಎಲ್ಲಿ ಓಡುತ್ತದೆ ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದನ್ನು ಮರೆಸಿದ್ದು ನನ್ನ ಬೋರ್ಡು.

ಆಮೇಲೆ ವರ್ಷವರ್ಷವೂ ಪಾಠದ ಕ್ರಮ ಬದಲಾಯಿಸುತ್ತ ಬಂದೆ. ಈಗ ನಾನು ಹೇಗೆ ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ತೀರ್ಥಹಳ್ಳಿ ಕಡೆಯ ಸಣ್ಣ ಶಾಲೆ ನಮ್ಮದು. ನಾಲ್ಕನೇ ಮತ್ತು ಐದನೇ ತರಗತಿ ಒಂದೇ ಕೋಣೆಯಲ್ಲಿ ಕೂರುತ್ತವೆ. ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುವ ಅಪ್ಪ ಅಮ್ಮಂದಿರೂ ಇದನ್ನು ಹಾಗೇ ಬಳಸಬಹುದು.

ಯಾವಾಗ ಏನು

ನಮ್ಮಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಕ್ಕಳನ್ನು ಅಂಗಳಕ್ಕೆ ಬಿಡುವ ಹಾಗೇ ಇಲ್ಲ. ಹೆಂಚಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ನನ್ನ ಮಾತೇ ಹಿಂದಿನ ಸಾಲಿಗೆ ಕೇಳುವುದಿಲ್ಲ. ಹಾಗಾಗಿ ಕೂತು ಮಾಡುವ ಗುಣಾಕಾರ ಮಳೆಗಾಲಕ್ಕೆ, ಹಗ್ಗ ಹಿಡಿದು ಓಡಾಡುವ ಅಳತೆಯ ಪಾಠ ದಸರಾ ರಜೆ ಮುಗಿದ ಮೇಲೆ. ಈ ಹಂಚಿಕೆಯಲ್ಲಿ ಇನ್ನೊಂದು ಲಾಭವಿದೆ. ಗುಣಾಕಾರವನ್ನು ಚೌಕದ ಹಾಳೆಯ ಮೇಲೆ ಕಲಿತ ಮಗುವಿಗೆ ವಿಸ್ತೀರ್ಣ ಹೊಸ ಪಾಠ ಅನ್ನಿಸುವುದೇ ಇಲ್ಲ.

ಸಾಮಾನು ಹೆಚ್ಚು ಬೇಡ. ಎರಡು ಸೇರು ಹುಣಸೆ ಬೀಜ, ಚೌಕದ ಗೆರೆಯಿರುವ ನೋಟ್‌ಬುಕ್, ಬಣ್ಣದ ಪೆನ್ಸಿಲ್, ಹಳೇ ಪೇಪರ್, ಉದ್ದದ ಹಗ್ಗ, ಒಂದು ಟೇಪು.

ಬೀಜ ಸಾಲಿಗಿಡಿ

ಮೊದಲ ದಿನ ಮಗ್ಗಿ ಹೇಳಿಸಬೇಡಿ. ಬೀಜ ಕೊಟ್ಟು "ಆರು ಸಾಲು, ಸಾಲಿಗೆ ನಾಲ್ಕು ಸಸಿ, ತೋಟ ನೆಡು" ಅನ್ನಿ. ನೆಟ್ಟಾದ ಮೇಲೆ ಎದುರಿನ ಮಗುವಿಗೆ ಅದೇ ತೋಟ ಹೇಗೆ ಕಾಣುತ್ತದೆ ಅಂತ ಕೇಳಿ. ಆ ಕಡೆಯಿಂದ ಅದು ನಾಲ್ಕು ಸಾಲು, ಸಾಲಿಗೆ ಆರು. ಒಂದು ಬೀಜವನ್ನೂ ಮುಟ್ಟಿಲ್ಲ, ಲೆಕ್ಕ ಅದೇ 24. ಕಲಿಯಬೇಕಾದ ಮಗ್ಗಿ ಅರ್ಧಕ್ಕೆ ಇಳಿಯಿತು ಅಂತ ಮಕ್ಕಳಿಗೆ ಖುಷಿ.

ಮಗ್ಗಿ ಬೇಡ ಅಂತ ನಾನು ಹೇಳುತ್ತಿಲ್ಲ. ಬಾಯಿಗೆ ಬಂದಿರಲೇಬೇಕು. "ಏಳೆಂಟ್ಲ ಐವತ್ತಾರು" ಅಂತ ನಿದ್ದೆಗಣ್ಣಲ್ಲೂ ಹೇಳುವ ಮಗುವಿಗೆ ದೊಡ್ಡ ಗುಣಾಕಾರದಲ್ಲಿ ಅರ್ಧ ಹೊರೆ ಇಳಿದ ಹಾಗೆ. ಮರೆತರೆ ಏನು ಮಾಡಬೇಕು ಅನ್ನುವುದನ್ನೂ ಕಲಿಸಿ, ಅಷ್ಟೇ. ಎಂಟು ಬೀಜದ ಏಳು ಸಾಲನ್ನು ಐದು ಸಾಲು, ಎರಡು ಸಾಲು ಅಂತ ನಡುವೆ ಕಡ್ಡಿ ಇಟ್ಟು ಬೇರೆ ಮಾಡಿಸಿ. ಐದೆಂಟ್ಲ ನಲವತ್ತು, ಎರಡೆಂಟ್ಲ ಹದಿನಾರು, ಎರಡೂ ಸೇರಿ ಐವತ್ತಾರು. ಈ ಕಡ್ಡಿ ಇಡುವ ಕೆಲಸ ಇದೆಯಲ್ಲ, ಮುಂದಿನ ಪಾಠವೆಲ್ಲ ನಿಂತಿರುವುದು ಇದರ ಮೇಲೆ.

ಎರಡಂಕಿಗೆ ಬನ್ನಿ. 14 × 6. ಚೌಕದ ಹಾಳೆಯಲ್ಲಿ 14 ಮನೆ ಉದ್ದ, 6 ಮನೆ ಅಗಲದ ಪಟ್ಟಿ ಬರೆಯಲಿ. 10 ಮನೆ ಆದ ಮೇಲೆ ದಪ್ಪ ಗೆರೆ. ಎಡಕ್ಕೆ 60, ಬಲಕ್ಕೆ 24, ಒಟ್ಟು 84. ಇಂಥ ನಾಲ್ಕೈದು ಲೆಕ್ಕ ಸಾಕು, ಇಲ್ಲಿ ತುಂಬ ದಿನ ನಿಲ್ಲಬೇಡಿ.

ನಾಲ್ಕು ತುಂಡಿನ ತೋಟ

ನಿಲ್ಲಬೇಕಾದದ್ದು ಇಲ್ಲಿ. ಎರಡಂಕಿಯನ್ನು ಎರಡಂಕಿಯಿಂದ ಗುಣಿಸುವಾಗ ಮಕ್ಕಳು ಬೀಳುವ ಹಾಗೆ ಬೇರೆಲ್ಲೂ ಬೀಳುವುದಿಲ್ಲ. ನಾನು ಇದಕ್ಕೆ ಎರಡು ವಾರ ಕೊಡುತ್ತೇನೆ. ಸಿಲಬಸ್ ಓಡುತ್ತದೆ ಅಂತ ಗೊತ್ತು. ಆದರೂ ಕೊಡುತ್ತೇನೆ.

ಲೆಕ್ಕ 23 × 14. ಹಾಳೆಯಲ್ಲಿ 23 ಮನೆ ಉದ್ದ, 14 ಮನೆ ಅಗಲದ ಆಯತ ಬರೆಸಿ. ಉದ್ದದಲ್ಲಿ 20 ಆದ ಮೇಲೆ ಒಂದು ಗೆರೆ, ಅಗಲದಲ್ಲಿ 10 ಆದ ಮೇಲೆ ಇನ್ನೊಂದು ಗೆರೆ. ತೋಟ ನಾಲ್ಕು ತುಂಡಾಯಿತು. ನಾಲ್ಕಕ್ಕೂ ಬೇರೆ ಬೇರೆ ಬಣ್ಣ ತುಂಬಿಸಿ. ಬಣ್ಣ ತುಂಬುವುದು ಸಮಯ ಹಾಳು ಅಂತ ಕಾಣಬಹುದು. ಆದರೆ ಬಣ್ಣ ಹಚ್ಚುವ ಹೊತ್ತಿನಲ್ಲೇ ಯಾವ ತುಂಡು ದೊಡ್ಡದು, ಯಾವುದು ಬೆರಳಷ್ಟು ಅಂತ ಅವರ ಕೈಗೆ ತಿಳಿಯುತ್ತದೆ.

20 × 10 = 200
20 × 4 = 80
3 × 10 = 30
3 × 4 = 12

ಒಟ್ಟು 322. ನಂಬದವರು ಮನೆ ಎಣಿಸಲಿ ಅಂತ ಬಿಡಿ. ಪ್ರತಿ ವರ್ಷ ಒಬ್ಬನಾದರೂ ಕೂತು ಎಣಿಸುತ್ತಾನೆ. ಎಣಿಸಲಿ, ಒಳ್ಳೇದೇ.

ನಾಲ್ಕೈದು ದಿನ ಬರೀ ತುಂಡು ಮಾಡುವ ಲೆಕ್ಕವೇ ಇರಲಿ. ಆಮೇಲೆ ಮನೆ ಎಣಿಸಿ ಬರೆಯುವುದು ಬಿಟ್ಟು, ಸುಮ್ನೆ ಒಂದು ಡಬ್ಬಿ ಬರೆದು ಒಳಗೆ ಕೂಡು ಗುರುತು ಹಾಕಿ ನಾಲ್ಕು ಅಂಕಿ ತುಂಬಲಿ. ಅಷ್ಟು ರೂಢಿಯಾದ ಮೇಲೆ ಮಾತ್ರ, ನಾವೆಲ್ಲ ಕಲಿತ ಆ ಕೆಳಗೆ ಕೆಳಗೆ ಬರೆಯುವ ಕ್ರಮಕ್ಕೆ ಬನ್ನಿ. ಮೊದಲು 23 × 4 = 92. ಡಬ್ಬಿಯಲ್ಲಿ ಈ 92 ಎಲ್ಲಿದೆ ಅಂತ ಹುಡುಕಿಸಿ. ಕೆಳಗಿನ ಎರಡು ತುಂಡು, 80 ಮತ್ತು 12. ಆಮೇಲೆ 23 × 10 = 230. ಅದು ಮೇಲಿನ ಎರಡು ತುಂಡು, 200 ಮತ್ತು 30. ಹೊಸದೇನೂ ಬರಲಿಲ್ಲ. ನಾಲ್ಕು ತುಂಡನ್ನು ಎರಡು ಸಾಲಿನಲ್ಲಿ ಬರೆಯುತ್ತಿದ್ದೇವೆ ಅಷ್ಟೆ.

ಇಲ್ಲಿ ಮಕ್ಕಳ ನೋಟ್‌ಬುಕ್ಕಿನಲ್ಲಿ ಹೆಚ್ಚಾಗಿ ಸಿಗುವ ತಪ್ಪು ಇದು: ಮೊದಲ ಸಾಲು 92, ಎರಡನೇ ಸಾಲು 23, ಉತ್ತರ 115. ಎರಡನೇ ಸಾಲಿನಲ್ಲಿ ಬಿಡಿಯ ಜಾಗಕ್ಕೆ ಏನೂ ಹಾಕದೆ ಬಲತುದಿಗೆ ತಂದು ಬರೆದಿರುತ್ತಾರೆ. "ಎರಡನೇ ಸಾಲಿಗೆ ಒಂದು ಗುಣಿಸು ಚಿಹ್ನೆ ಹಾಕ್ಕೋ" ಅಂತ ನಮಗೆ ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು. ಎಂತಕ್ಕೆ ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ನನ್ನ ಮಕ್ಕಳಿಗೆ ನಾನು ಆ ಚಿಹ್ನೆ ಬಿಡಿಸಿ ಸೊನ್ನೆಯನ್ನೇ ಬರೆಸುತ್ತೇನೆ. ಯಾಕಂದರೆ ಅಲ್ಲಿ ನಿಜಕ್ಕೂ ಇರುವುದು ಸೊನ್ನೆ. ನಾವು ಗುಣಿಸುತ್ತಿರುವುದು 1 ರಿಂದ ಅಲ್ಲ, 10 ರಿಂದ. ಬಂದದ್ದು 23 ಅಲ್ಲ, 230.

115 ಬರೆದ ಮಗುವಿಗೆ ತಪ್ಪು ಅಂತ ಕೆಂಪು ಗೆರೆ ಎಳೆಯಬೇಡಿ. ಡಬ್ಬಿಯ ಮೊದಲ ತುಂಡು ಎಷ್ಟು ಅಂತ ಕೇಳಿ. 200. "ಒಂದು ತುಂಡೇ 200 ಇದ್ದ ಮೇಲೆ ಇಡೀ ತೋಟ 115 ಹೆಂಗಾಗ್ತದೆ?" ಅಲ್ಲಿಂದ ಮುಂದೆ ಅವರೇ ತಿದ್ದಿಕೊಳ್ಳುತ್ತಾರೆ. ದೊಡ್ಡ ತುಂಡನ್ನು ಮೊದಲು ಬಾಯಲ್ಲೇ ಅಂದಾಜು ಮಾಡುವುದನ್ನು ಅಭ್ಯಾಸ ಮಾಡಿಸಿದರೆ ಇಂಥ ತಪ್ಪು ಅರ್ಧ ತಾನಾಗೇ ಸಿಕ್ಕಿಬೀಳುತ್ತದೆ.

ದಶಕದ ಗೊಂದಲ ಇನ್ನೊಂದು. ಮೊದಲ ಸಾಲಿಗೆ ಮೇಲೆ ಬರೆದ ಪುಟ್ಟ ದಶಕವನ್ನೇ ಎರಡನೇ ಸಾಲಿಗೂ ಕೂಡಿಸಿಬಿಡುತ್ತಾರೆ. ಮೊದಲ ಸಾಲು ಮುಗಿದ ಕೂಡಲೇ ಆ ದಶಕದ ಮೇಲೆ ಅಡ್ಡಗೆರೆ ಎಳೆಯಲು ಹೇಳಿ. ಅಷ್ಟೇ ಮದ್ದು.

ಮೂರಂಕಿ ಬಂದಾಗ ಡಬ್ಬಿಗೆ ಎರಡು ತುಂಡು ಹೆಚ್ಚು. 126 × 34 ಕ್ಕೆ ಮೇಲೆ 100, 20, 6. ಪಕ್ಕಕ್ಕೆ 30, 4. 30 ರ ಸಾಲು 3000, 600, 180 ಸೇರಿ 3780. 4 ರ ಸಾಲು 400, 80, 24 ಸೇರಿ 504. ಒಟ್ಟು 4284. ನಡುವೆ ಸೊನ್ನೆ ಇರುವ ಸಂಖ್ಯೆಯನ್ನು ಬೇಕಂತಲೇ ಕೊಡಿ. 208 × 35 ಕೊಟ್ಟರೆ ಸೊನ್ನೆ ನುಂಗಿ 28 × 35 ಮಾಡಿ 980 ತರುವವರು ಇದ್ದೇ ಇರುತ್ತಾರೆ. 200 × 30 ಒಂದೇ 6000 ಆಯ್ತಲ್ಲ ಅಂತ ಕೇಳಿ ಸುಮ್ಮನಿರಿ. ಸರಿ ಉತ್ತರ 7280.

ಈಗ ಹಗ್ಗ

ದಸರಾ ಕಳೆದು ಬಿಸಿಲು ಬಂತು. ಸುತ್ತಳತೆಯಿಂದ ಶುರು ಮಾಡಿ, ಆ ವಾರವೆಲ್ಲ ವಿಸ್ತೀರ್ಣ ಅನ್ನುವ ಪದವನ್ನೇ ಎತ್ತಬೇಡಿ. ಸೂತ್ರವನ್ನೂ ಹೇಳಬೇಡಿ. "ಸುತ್ತು ಬಂದು ಹೊರಟ ಜಾಗಕ್ಕೇ ಮುಟ್ಟಿದರೆ ಎಷ್ಟು ನಡೆದ ಹಾಗಾಯ್ತು?" ಇಷ್ಟೇ ಪ್ರಶ್ನೆ. ಪುಸ್ತಕದ ಸುತ್ತ, ಬಾಗಿಲ ಸುತ್ತ, ಶಾಲೆಯ ಕೈತೋಟದ ಸುತ್ತ ಹಗ್ಗ ಹಿಡಿಸಿ, ಬಿಡಿಸಿ ಟೇಪಿನಲ್ಲಿ ಅಳೆಸಿ.

ನಮ್ಮ ಕೈತೋಟ 24 ಅಡಿ ಉದ್ದ, 18 ಅಡಿ ಅಗಲ. ಸುತ್ತು 84 ಅಡಿ. ಮೂರು ಎಳೆ ತಂತಿ ಎಳೆದರೆ 84 × 3, ಅಂದರೆ 252 ಅಡಿ. ಆರಡಿಗೊಂದು ಗೂಟ ಹಾಕಿದರೆ ಎಷ್ಟು ಗೂಟ? ಈ ಪ್ರಶ್ನೆ ದೊಡ್ಡವರನ್ನೂ ಕೆಡವುತ್ತದೆ. ಮಕ್ಕಳು ಒಂದೊಂದೇ ಬದಿ ಎಣಿಸಿದರು: 24 ಅಡಿಗೆ ಐದು ಗೂಟ, 18 ಅಡಿಗೆ ನಾಲ್ಕು, ಮತ್ತೆ ಐದು, ಮತ್ತೆ ನಾಲ್ಕು, ಒಟ್ಟು 18. ಹೊರಗೆ ಹೋಗಿ ಕಡ್ಡಿ ನೆಟ್ಟು ನೋಡಿದರೆ 14 ಕ್ಕೇ ಬೇಲಿ ಮುಗಿಯಿತು. ನಾಲ್ಕು ಕಡ್ಡಿ ಕೈಯಲ್ಲೇ ಉಳಿಯಿತು. ಮೂಲೆಯ ಗೂಟ ಎರಡೂ ಬದಿಗೆ ಸೇರಿದ್ದು, ಅದನ್ನು ಎರಡು ಸಲ ಎಣಿಸಿದ್ದರು. ಯಾಕೆ ಉಳಿಯಿತು ಅಂತ ನಾನು ಹೇಳಲಿಲ್ಲ. ಆ ದಿನ ಹಾಗೇ ಮನೆಗೆ ಕಳಿಸಿದೆ.

ಜಗಲಿಗೆ ಪೇಪರ್ ಹಾಸಿದ ದಿನ

ಮುಂದಿನ ವಾರ ವಿಸ್ತೀರ್ಣ. ಹಳೇ ಪೇಪರಿನಿಂದ ಒಂದಡಿ ಉದ್ದ ಒಂದಡಿ ಅಗಲದ ಚೌಕ ಕತ್ತರಿಸಿಡಿ. ಒಂದು ಪುಟಕ್ಕೆ ಒಂದು ಚೌಕ ಸಿಗುತ್ತದೆ. ಇದೇ ನಿಮ್ಮ ಒಂದು ಚದರ ಅಡಿ. ಈ ಮಾತನ್ನು ಬಾಯಲ್ಲಿ ಹೇಳುವ ಬದಲು ಕೈಯಲ್ಲಿ ಕೊಡಿ.

ಶಾಲೆಯ ಜಗಲಿ 12 ಅಡಿ ಉದ್ದ, 7 ಅಡಿ ಅಗಲ. ಹಿಂದಿನ ವಾರ ಅದರ ಸುತ್ತು ಅಳೆದು 38 ಅಡಿ ಅಂತ ಬರೆದುಕೊಂಡಿದ್ದೆವು. ಇದನ್ನು ಪೂರ್ತಿ ಮುಚ್ಚಲು ಎಷ್ಟು ಪೇಪರ್ ಬೇಕು ಅಂದೆ. "ಮೂವತ್ತೆಂಟು ಟೀಚರ್" ಅಂತ ಒಬ್ಬ ಹುಡುಗ ಥಟ್ಟನೆ ಅಂದ. ತಲೆಯಾಡಿಸಿದವರು ಹಲವರು. ಸರಿ ತಗೋ ಅಂತ 38 ಎಣಿಸಿ ಕೊಟ್ಟೆ.

ಅವನು ಅಂಚಿಗೆ ಸರಿಯಾಗಿ ಒಂದೊಂದೇ ಇಡುತ್ತ ಹೋದ. ಗಾಳಿಗೆ ಹಾರದ ಹಾಗೆ ಉಳಿದವರು ಚಪ್ಪಲಿ ಇಟ್ಟರು. ಸುತ್ತು ಬಂದು ಮುಟ್ಟಿದಾಗ ಅವನ ಕೈಯಲ್ಲಿ ಇನ್ನೂ ನಾಲ್ಕು ಪೇಪರ್. "ನಾಲ್ಕು ಉಳೀತು ಟೀಚರ್" ಅಂದ. ಹಿಂದಿನಿಂದ ಇನ್ನೊಬ್ಬಳು, "ಉಳಿದದ್ದು ಎಂತ ಮಾರಾಯ, ನಡು ಪೂರ್ತಿ ಖಾಲಿ ಅದೆ ನೋಡು!" ಅಂದಳು. ಎಲ್ಲರೂ ನಕ್ಕರು. ಅವನೂ ನಕ್ಕ. ನಡುವೆ ಹಾಸಲು ಮತ್ತೆ 50 ಬೇಕಾಯಿತು. ಅಂಚಿನ 34, ನಡುವಿನ 50, ಒಟ್ಟು 84. ಸಾಲಿಗೆ 12 ರಂತೆ 7 ಸಾಲು, ಹನ್ನೆರಡೇಳ್ಲ ಎಂಬತ್ತನಾಲ್ಕು. ಮಳೆಗಾಲದ ಡಬ್ಬಿ ಲೆಕ್ಕ ಎದುರಿಗೇ ಹಾಸಿಕೊಂಡಿತ್ತು.

ಆ ಉಳಿದ ನಾಲ್ಕರ ಬಗ್ಗೆ ಐದನೇ ತರಗತಿಯ ಹುಡುಗಿಯೊಬ್ಬಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತಿನ ಗೂಟದ ಹಂಗೇ ಅಲ್ವಾ ಟೀಚರ್, ಮೂಲೆದು" ಅಂದಳು. ಅದು ನನ್ನ ಪಾಠದ ಯೋಜನೆಯಲ್ಲಿ ಇರಲೇ ಇಲ್ಲ.

ಇಷ್ಟಾದ ಮೇಲೆ ಉದ್ದ × ಅಗಲ ಅಂತ ಬೋರ್ಡಿನಲ್ಲಿ ಬರೆಯಬಹುದು. ಬರೆಯದಿದ್ದರೂ ನಡೆಯುತ್ತದೆ. ಉತ್ತರದ ಮುಂದೆ ಅಡಿಯೋ ಚದರ ಅಡಿಯೋ ಅನ್ನುವುದನ್ನು ಮಾತ್ರ ಬಿಡದೆ ಕೇಳಿ. "ಹಗ್ಗವೋ ಪೇಪರೋ?" ಅಂತ ಕೇಳಿದರೆ ನಮ್ಮ ಮಕ್ಕಳು ಈಗ ತಟ್ಟನೆ ತಿದ್ದಿಕೊಳ್ಳುತ್ತಾರೆ.

ಎರಡನ್ನೂ ಎದುರುಬದುರು ನಿಲ್ಲಿಸಿ

ಎರಡು ಪಾಠವೂ ಬೇರೆ ಬೇರೆಯಾಗಿ ಕುಳಿತ ಮೇಲೆ ಬೇಕಂತಲೇ ಗೊಂದಲ ಮಾಡಿ. 24 ಅಡಿಯ ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ ತುದಿ ಕಟ್ಟಿ. ನಾಲ್ಕು ಮಕ್ಕಳು ಮೂಲೆ ಹಿಡಿದು ನಿಲ್ಲಲಿ. 11 ಮತ್ತು 1 ಅಡಿಯಾಗಿ ಹಿಡಿದರೆ ಒಳಗೆ 11 ಪೇಪರ್ ಮಾತ್ರ ಹಿಡಿಯುತ್ತದೆ. 10 ಮತ್ತು 2 ಆದರೆ 20. 8 ಮತ್ತು 4 ಆದರೆ 32. ನಾಲ್ಕೂ ಬದಿ 6 ಆದರೆ 36. ಹಗ್ಗ ಅದೇ, ತೋಟ ಬೇರೆ. ಇದು ನೋಡಿದ ಮೇಲೆ ಬೇಲಿಯ ಉದ್ದ ಕೇಳಿ ತೋಟ ಎಷ್ಟು ದೊಡ್ಡದು ಅಂತ ಯಾರೂ ಹೇಳಲು ಹೋಗುವುದಿಲ್ಲ.

ತಿರುಗಿಸಿಯೂ ಮಾಡಿ. 36 ಪೇಪರ್ ಕೊಟ್ಟು ಬೇರೆ ಬೇರೆ ಆಯತ ಮಾಡಿಸಿ. 6 × 6 ಕ್ಕೆ ಸುತ್ತು 24 ಅಡಿ, 9 × 4 ಕ್ಕೆ 26, 12 × 3 ಕ್ಕೆ 30, 18 × 2 ಕ್ಕೆ 40. ಯಾವ ತೋಟಕ್ಕೆ ಬೇಲಿ ಖರ್ಚು ಜಾಸ್ತಿ ಅಂತ ಕೇಳಿ. ಕಣಿವೆಯಲ್ಲಿ ಪಟ್ಟಿಯ ಹಾಗೆ ಉದ್ದಕ್ಕೆ ಹೋದ ತೋಟ ಇರುವ ಮನೆಯ ಮಗುವಿಗೆ ಅಪ್ಪನ ಗೊಣಗಾಟ ನೆನಪಾಗುತ್ತದೆ.

ಆದರೆ ನಮ್ಮ ಕಡೆ ಆಯತದ ತೋಟ ಎಲ್ಲಿದೆ? ಗುಡ್ಡ ಹೇಗೆ ಬಾಗುತ್ತದೋ ತೋಟವೂ ಹಾಗೆ. ಇದಕ್ಕೆ ಹಲಸಿನ ಎಲೆ ಸಾಕು. ಚೌಕದ ಹಾಳೆಯ ಮೇಲಿಟ್ಟು ಅಂಚು ಗೆರೆ ಎಳೆದು, ಪೂರ್ತಿ ಮನೆ ಎಣಿಸಿ, ಅರ್ಧಕ್ಕಿಂತ ಜಾಸ್ತಿ ಇರುವುದನ್ನು ಒಂದು ಅಂತ ಸೇರಿಸಿ, ಕಡಿಮೆ ಇರುವುದನ್ನು ಬಿಡಲಿ. ಇಬ್ಬರ ಉತ್ತರ ಒಂದೆರಡು ಹೆಚ್ಚುಕಮ್ಮಿ ಬಂದರೆ ಜಗಳ ಬಿಡಿಸಬೇಕಿಲ್ಲ.

ಗುಂಟೆಗೆ ಬನ್ನಿ

ಪುಸ್ತಕದಲ್ಲಿ ಸೆಂಟಿಮೀಟರ್, ಮೀಟರ್. ಮನೆಯಲ್ಲಿ ಅಡಿ, ಗುಂಟೆ, ಎಕರೆ. ಪರೀಕ್ಷೆಗೆ ಮೀಟರ್ ಬೇಕೇ ಬೇಕು, ಅದನ್ನೂ ಮಾಡಿಸಿ. ಆದರೆ ಗುಂಟೆ ಬಿಟ್ಟು ಹೋಗಬೇಡಿ. ಮನೆಯಲ್ಲಿ ದಿನಾ ಕೇಳುವ ಪದ ಅದು, ಎಷ್ಟು ದೊಡ್ಡದು ಅಂತ ಕಣ್ಣಿಗೆ ಮಾತ್ರ ಗೊತ್ತಿರುವುದಿಲ್ಲ. ಆಟದ ಬಯಲಲ್ಲಿ 33 ಅಡಿ ಉದ್ದ, 33 ಅಡಿ ಅಗಲಕ್ಕೆ ಹಗ್ಗ ಕಟ್ಟಿ ಒಳಗೆ ಕೂರಿಸಿ. ಇದು ಒಂದು ಗುಂಟೆ. ಡಬ್ಬಿ ಹಾಕಿ: 900, 90, 90, 9. ಒಟ್ಟು 1089 ಚದರ ಅಡಿ. ಇಂಥ 40 ಗುಂಟೆ ಸೇರಿದರೆ ಎಕರೆ, 1089 × 40 = 43560.

ಇಲ್ಲೊಂದು ಬಲೆ ಬೀಸಿ. ಉದ್ದವೂ ಅಗಲವೂ ದುಪ್ಪಟ್ಟು ಮಾಡಿ 66 ಅಡಿ ಮಾಡಿದರೆ ಎಷ್ಟು ಗುಂಟೆ? ಎರಡು ಅನ್ನುತ್ತಾರೆ. ಗುಣಿಸಿ ನೋಡಲಿ, 4356 ಬರುತ್ತದೆ, ಅಂದರೆ ನಾಲ್ಕು ಗುಂಟೆ. ನಂಬಿಕೆ ಬರದಿದ್ದರೆ ಟಾರ್ಪಾಲ್ ಲೆಕ್ಕ ಹೇಳಿ: ಅಡಿಕೆ ಒಣಹಾಕುವ ಅಂಗಳ 30 ಅಡಿ ಉದ್ದ, 24 ಅಡಿ ಅಗಲ, ಟಾರ್ಪಾಲ್ 15 ಅಡಿ ಉದ್ದ, 12 ಅಡಿ ಅಗಲ. ಮಳೆ ಬಂದರೆ ಎರಡು ಟಾರ್ಪಾಲ್ ಸಾಕಾ? ಅಡಿಕೆ ನೆನೆದು ಮನೆಯಲ್ಲಿ ಬೈಗುಳ ತಿಂದ ಮಕ್ಕಳು ಈ ಲೆಕ್ಕ ತಪ್ಪುವುದಿಲ್ಲ.

ಮನೆಗೆಲಸಕ್ಕೆ ಒಂದೇ ಪ್ರಶ್ನೆ ಕೊಡಿ: ನಿಮ್ಮ ತೋಟದಲ್ಲಿ ಮರದಿಂದ ಮರಕ್ಕೆ ಎಷ್ಟು ಅಡಿ? ಒಂಬತ್ತು ಅಡಿಯ ಆಸುಪಾಸಿನ ಉತ್ತರಗಳೇ ಹೆಚ್ಚು ಬರುತ್ತವೆ. ಹಾಗಾದರೆ ಒಂದು ಅಡಿಕೆ ಮರಕ್ಕೆ 9 × 9, ಅಂದರೆ 81 ಚದರ ಅಡಿ ಜಾಗ. ಎಕರೆಗೆ 540 ಮರ ಹಿಡಿಯುತ್ತದಾ ಅಂತ ನೋಡಲು ಭಾಗಾಕಾರ ಬೇಡ. 540 × 81 ಗುಣಿಸಲಿ, 43740 ಬರುತ್ತದೆ. ಎಕರೆಗಿಂತ 180 ಚದರ ಅಡಿ ಜಾಸ್ತಿ. ಮೂರು ಮರ ಕಡಿಮೆ ಮಾಡಿಕೊಳ್ಳಬೇಕು.

ಈ ಲೆಕ್ಕ ಹಿಡಿದುಕೊಂಡೇ ನಾವು ಸಾಗರದ ಪಕ್ಕದ ಇಕ್ಕೇರಿಗೆ ಶಾಲಾ ಪ್ರವಾಸ ಹೋದದ್ದು. ಅಘೋರೇಶ್ವರ ದೇವಸ್ಥಾನದ ಎರಡು ಕಂಬಗಳ ನಡುವಿನ ದೂರವೇ ಕೆಳದಿ ಅರಸರ ಕಾಲಕ್ಕೆ ತೋಟದ ಜಮೀನಿನ ಅಳತೆಗೋಲು ಆಗಿತ್ತು ಅಂತ ಹಳೆಯ ಮೈಸೂರು ಗೆಜೆಟಿಯರ್‌ನಲ್ಲಿದೆ. 18 ಅಡಿ 6 ಅಂಗುಲ. ಅಷ್ಟು ಉದ್ದಗಲದ ಜಾಗಕ್ಕೆ ದಾಯ ಅಂತ ಹೆಸರು, ಅದರಲ್ಲಿ ನಾಲ್ಕು ಮರ. ಅರ್ಧ ಮಾಡಿದರೆ ಮರದಿಂದ ಮರಕ್ಕೆ ಒಂಬತ್ತು ಅಡಿ ಮೂರು ಅಂಗುಲ. ನಾಲ್ಕನೆಯವರು ಅಲ್ಲೇ "ನಮ್ಮನೆ ತೋಟದಷ್ಟೇ" ಅಂತ ಕೂಗಿದರು.

ಐದನೆಯವರಿಗೆ ದಾಯದ ವಿಸ್ತೀರ್ಣ ಬೇಕಿತ್ತು. ಅಡಿ, ಅಂಗುಲ ಎರಡೂ ಇರುವುದರಿಂದ ಎಲ್ಲ ಅಂಗುಲ ಮಾಡಿ ಅಂದೆ. 18 × 12 ಕ್ಕೆ 216, ಮೇಲೆ 6, ಒಟ್ಟು 222. ಇನ್ನು 222 × 222. ದೇವಸ್ಥಾನದ ಹೊರಗೆ ಮರದ ನೆರಳಲ್ಲಿ ಕೂತು ನೋಟ್‌ಬುಕ್ ತೆಗೆದರು. ಮೊದಲ ಸಾಲು 444. ಎರಡನೇ ಸಾಲಿಗೆ ಸೊನ್ನೆ ಹಾಕಿಕೊಂಡು 4440. ಮೂರನೆಯದು 44400. ಜಗಲಿಗೆ 38 ಪೇಪರ್ ಸಾಕು ಅಂದಿದ್ದ ಹುಡುಗ ಪೆನ್ಸಿಲ್ ಕಚ್ಚಿಕೊಂಡು ಮೂರೂ ಸಾಲು ನೋಡಿದ. "ಟೀಚರ್, ಸೊನ್ನೆ ಹಾಕದಿದ್ರೆ ಮೂರೂ ಒಂದೇ ಆಗ್ತಿತ್ತು" ಅಂದ. ಆಮೇಲೆ ಕೂಡಿಸಿ 49284 ಬರೆದು, ಮುಂದೆ ಚದರ ಅಂಗುಲ ಅಂತ ಸೇರಿಸಿದ.